ಒಂದೇ ಜಾಕಿ, ನಾಲ್ಕೇ ಸಲ ಎತ್ತು: ಪಿಕಪ್ ಗಾಡಿಯ ಐದೂ ಟೈರ್ ಅದಲು ಬದಲು

ಪಿಕಪ್ ಗಾಡಿಯ ಟೈರ್ ರೊಟೇಷನ್ (ಸವೆತ ಹಂಚಲು ಟೈರ್‌ಗಳ ಜಾಗ ಬದಲಿಸುವುದು) ಅಂದರೆ ಲಿಫ್ಟ್ ಇರುವ ಅಂಗಡಿಗೇ ಹೋಗಬೇಕು ಅನ್ನುವವರು ಸ್ಟೆಪ್ನಿಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಸ್ಟೆಪ್ನಿಯನ್ನೂ ಸೇರಿಸಿ ಐದು ಟೈರ್ ತಿರುಗಿಸಿದರೆ ಪ್ರತಿ ಚಕ್ರವನ್ನು ಒಂದೇ ಒಂದು ಸಲ ಎತ್ತಿದರೆ ಸಾಕು, ಒಟ್ಟು ನಾಲ್ಕು ಸಲ. ಸ್ಟೆಪ್ನಿ ಬಿಟ್ಟು ನಾಲ್ಕನ್ನೇ ತಿರುಗಿಸುತ್ತೇನೆ ಅಂದರೆ ಕೆಲಸ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ: ಒಂದೇ ಜಾಕಿ ಇದ್ದವರು ಐದು ಸಲ ಎತ್ತಬೇಕು. ಲೆಕ್ಕ ಮುಂದೆ ಬರುತ್ತದೆ.

ಇಲ್ಲಿ ಹಿಡಿದಿರುವುದು ಮಹೀಂದ್ರಾ ಬೊಲೆರೊ ಪಿಕಪ್ ಜಾತಿಯ ಗಾಡಿ: ಹಿಂದಿನ ಚಕ್ರಕ್ಕೆ ಎಳೆತ, ಹಿಂದೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಮತ್ತು ಹೌಸಿಂಗ್ (ಎರಡೂ ಚಕ್ರ ಸೇರಿಸುವ ಗಟ್ಟಿ ಆಕ್ಸಲ್ ಕೊಳವೆ), ನಾಲ್ಕೂ ಕಡೆ ಒಂದೇ ಅಳತೆಯ ಟೈರ್, ಅದೇ ಅಳತೆಯ ಸ್ಟೆಪ್ನಿ. ಅಳತೆಯ ಉದಾಹರಣೆಗೆ 215/75 ಆರ್ 15 ಎಲ್‌ಟಿ (ಲಘು ಟ್ರಕ್) ಟೈರ್ ಇಟ್ಟುಕೊಂಡಿದ್ದೇವೆ. ಹಿಂದೆ ಜೋಡಿ ಚಕ್ರ ಇರುವ ಗಾಡಿಗಳಿಗೆ ಈ ಕ್ರಮ ಹೊಂದುವುದಿಲ್ಲ.

ಮೊದಲು ಅಳತೆ, ಆಮೇಲೆ ಜಾಕಿ

ನೂರಿನ್ನೂರು ರೂಪಾಯಿಯ ಟ್ರೆಡ್ ಡೆಪ್ತ್ ಗೇಜ್ (ಟೈರಿನ ಕಚ್ಚುಗಳ ಆಳ ಅಳೆಯುವ ಸಾಧನ) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪ್ರತಿ ಟೈರಿನಲ್ಲಿ ಮೂರು ಕಡೆ ಅಳೆಯಿರಿ: ಹೊರ ಅಂಚು, ನಡು, ಒಳ ಅಂಚು. ಐದು ಟೈರಿಗೆ ಹದಿನೈದು ಅಂಕಿ. ಗೇಜಿನ ಮೊನೆ ಸವೆತದ ಗುರುತಿನ ದಿಬ್ಬದ ಮೇಲೆ ಕೂರದಂತೆ ನೋಡಿಕೊಳ್ಳಿ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಈ ಗಾಡಿಗಳಿಗೆ ಟ್ರೆಡ್ ಆಳ 1.6 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಲೋಡ್ ಗಾಡಿಯಲ್ಲಿ 3 ಮಿ.ಮೀ. ಬಂದಾಗಲೇ ಹೊಸ ಟೈರಿನ ದುಡ್ಡು ಹೊಂದಿಸಿಕೊಳ್ಳುವುದು ಒಳ್ಳೆಯದು, ಮಳೆಗಾಲದಲ್ಲಿ ಆ ಟೈರ್ ನೀರನ್ನು ಸರಿಯಾಗಿ ಹೊರ ಹಾಕುವುದಿಲ್ಲ.

ಈ ಹದಿನೈದು ಅಂಕಿಗಳಲ್ಲೇ ಗಾಡಿಯ ಅರ್ಧ ರೋಗ ಗೊತ್ತಾಗುತ್ತದೆ.

ಹಿಂದಿನ ಎರಡೂ ಟೈರ್ ನಡುವಲ್ಲಿ 5, ಅಂಚುಗಳಲ್ಲಿ 6.5 ಮಿ.ಮೀ. ತೋರಿಸಿದರೆ ಅದು ಪಿಕಪ್‌ಗಳ ಅತಿ ಸಾಮಾನ್ಯ ಕಾಯಿಲೆ. ಮಾರ್ಕೆಟ್‌ಗೆ ಹೋಗುವಾಗ ತುಂಬಿದ ಲೋಡ್, ಅದಕ್ಕೆ ತಕ್ಕ ಗಾಳಿ. ಬರುವಾಗ ಖಾಲಿ, ಗಾಳಿ ಮಾತ್ರ ಅಷ್ಟೇ. ಖಾಲಿ ಗಾಡಿಯಲ್ಲಿ ಆ ಗಾಳಿಗೆ ಟೈರ್ ನಡು ಉಬ್ಬಿ ನಿಲ್ಲುತ್ತದೆ, ನಡುಭಾಗ ಮಾತ್ರ ರಸ್ತೆಗೆ ತಾಗುತ್ತದೆ. ಲೋಡ್ ಹಾಕಿದಾಗ ಗಾಳಿ ಕಡಿಮೆ ಇದ್ದರೆ ಇದರ ತದ್ವಿರುದ್ಧ: ಎರಡೂ ಅಂಚು ಸವೆದು ನಡು ಉಳಿಯುತ್ತದೆ, ಜೊತೆಗೆ ಟೈರಿನ ಪಕ್ಕ ಕಾದು ಒಳಗಿನ ಪದರ ಬಿಡುತ್ತದೆ. ಈ ಎರಡರಲ್ಲಿ ಕಡಿಮೆ ಗಾಳಿಯೇ ಅಪಾಯಕಾರಿ.

ಮುಂದಿನ ಟೈರ್‌ಗಳ ಹೊರ ಅಂಚು ಎರಡೂ ಕಡೆ ಸಮನಾಗಿ ಸವೆದಿದ್ದರೆ ಗಾಡಿ ಯಾವ ದಾರಿಯಲ್ಲಿ ಓಡುತ್ತದೆ ಎಂದು ಕೇಳಿ. ಶಿರಾಡಿ, ಚಾರ್ಮಾಡಿ ಇಳಿದು ಹತ್ತುವ ಗಾಡಿಗಳಲ್ಲಿ ತಿರುವುಗಳಿಂದಲೇ ಅಷ್ಟು ಸವೆಯುತ್ತದೆ, ರೊಟೇಷನ್ ಇರುವುದೇ ಅದನ್ನು ಹಂಚಲಿಕ್ಕೆ. ಒಂದೇ ಟೈರಿನ ಒಂದೇ ಅಂಚು ಹೋಗಿದ್ದರೆ ಮಾತು ಬೇರೆ, ಅಲೈನ್‌ಮೆಂಟ್ ಅಥವಾ ಬಾಲ್ ಜಾಯಿಂಟ್ ನೋಡಬೇಕು. ಅಂಗೈಯನ್ನು ಬಟನ್‌ಗಳ (ಟ್ರೆಡ್‌ನ ರಬ್ಬರ್ ಗಟ್ಟಿಗಳ) ಮೇಲೆ ಹೊರಗಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ಚುಚ್ಚಿದರೆ ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡುವ ಅಳತೆ, ಕೆಟ್ಟಿದೆ. ಸುತ್ತಲೂ ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿರಬಹುದು.

ಹಿಂದಿನ ಟೈರ್ ಒಂದು ಬದಿ ಸವೆದಿದ್ದರೆ ಗಂಭೀರವಾಗಿ ತೆಗೆದುಕೊಳ್ಳಿ. ಹಿಂದೆ ಇರುವುದು ಗಟ್ಟಿ ಹೌಸಿಂಗ್, ಅಲ್ಲಿ ತಿರುಗಿಸಿ ಸರಿ ಮಾಡುವ ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲುವ ಕೋನ) ಇಲ್ಲ. ಓವರ್‌ಲೋಡ್‌ಗೆ ಹೌಸಿಂಗ್ ಬಾಗಿರಬೇಕು, ಇಲ್ಲವೇ ಕಮಾನು ಪಟ್ಟಿಯ ಸೆಂಟರ್ ಬೋಲ್ಟ್ ತುಂಡಾಗಿ ಹೌಸಿಂಗ್ ಹಿಂದೆ ಮುಂದೆ ಸರಿದಿರಬೇಕು. ಎರಡನೆಯದಾದರೆ ಹಿಂದಿನ ಗಾಡಿಯವರಿಗೆ ನಿಮ್ಮ ಗಾಡಿ ಓರೆಯಾಗಿ ಓಡುವುದು ಕಾಣುತ್ತದೆ. ಇಂಥ ಗಾಡಿಯಲ್ಲಿ ಟೈರ್ ಅದಲು ಬದಲು ಮಾಡಿದರೆ ಆಗುವುದಿಷ್ಟೇ: ಒಂದು ಟೈರ್ ತಿಂದ ಜಾಗ ಇನ್ನೊಂದನ್ನು ತಿನ್ನಲು ಶುರು ಮಾಡುತ್ತದೆ.

ಯಾವಾಗ ಮಾಡಬಾರದು

ಮುಂದೆ ಉದ್ದ ಗೆರೆಯ ರಿಬ್ ಟೈರ್, ಹಿಂದೆ ದಪ್ಪ ಗಟ್ಟಿಯ ಲಗ್ ಟೈರ್ ಹಾಕಿಸಿಕೊಂಡವರು ಬಹಳ ಜನ. ಅವರು ಮುಂದಿನದನ್ನು ಹಿಂದಕ್ಕೆ ತರುವ ಹಾಗಿಲ್ಲ. ಅದೇ ಆಕ್ಸಲ್‌ನಲ್ಲಿ ಎಡ ಬಲ ಬದಲಿಸಿದರೆ ಸಾಕು. ರೀಸೋಲ್ ಮಾಡಿಸಿದ (ಹಳೆಯದಕ್ಕೆ ಹೊಸ ಟ್ರೆಡ್ ಅಂಟಿಸಿದ) ಟೈರ್ ಮುಂದಕ್ಕೆ ಬರಲೇಬಾರದು, ಅದು ಹಿಂದೆಯೇ ಸವೆದು ಮುಗಿಯಲಿ. ನೈಲಾನ್ (ಒಳಪದರದ ದಾರ ಓರೆಯಾಗಿರುವ) ಮತ್ತು ರೇಡಿಯಲ್ (ದಾರ ಅಡ್ಡಕ್ಕಿರುವ) ಟೈರ್ ಎರಡೂ ಇರುವ ಗಾಡಿಯಲ್ಲಿ ರೇಡಿಯಲ್ ಜೋಡಿ ಹಿಂದೆಯೇ ಇರಬೇಕು; ರೇಡಿಯಲ್ ಮುಂದೆ, ನೈಲಾನ್ ಹಿಂದೆ ಆದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರುತ್ತದೆ. ಪಕ್ಕದಲ್ಲಿ ಬಾಣದ ಗುರುತಿರುವ ಟೈರ್ ಆದರೆ ಅದೇ ಬದಿಯಲ್ಲಿ ಹಿಂದೆ ಮುಂದೆ ಮಾತ್ರ.

ಸ್ಟೆಪ್ನಿಯ ವಿಷಯದಲ್ಲಿ ಇನ್ನೂ ಎರಡು ಪರೀಕ್ಷೆ. ಮೊದಲನೆಯದು ವಯಸ್ಸು. ಟೈರಿನ ಪಕ್ಕದಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ: 2322 ಅಂದರೆ 2022ನೇ ಇಸವಿಯ 23ನೇ ವಾರ. ಗಾಡಿ ಕೊಂಡಾಗಿನಿಂದ ಕೆಳಗೆ ತೂಗಾಡುತ್ತಿರುವ, ಪಕ್ಕದಲ್ಲಿ ಕೂದಲೆಳೆ ಬಿರುಕು ಬಿಟ್ಟ ಸ್ಟೆಪ್ನಿ ಬಟನ್ ಪೂರ್ತಿ ಇದ್ದರೂ ಓಡಿಸಲು ಯೋಗ್ಯವಲ್ಲ. ಎರಡನೆಯದು ಆಳದ ವ್ಯತ್ಯಾಸ. 215/75 ಆರ್ 15 ಟೈರಿನ ಅಡ್ಡಳತೆ ಸುಮಾರು 703 ಮಿ.ಮೀ., ಒಂದು ಸುತ್ತಿಗೆ 2.21 ಮೀಟರ್, ಕಿಲೋಮೀಟರಿಗೆ ಹತ್ತಿರ ಹತ್ತಿರ 450 ಸುತ್ತು. ಒಂದೇ ಆಕ್ಸಲ್‌ನಲ್ಲಿ ಒಂದು ಟೈರ್ 9 ಮಿ.ಮೀ., ಇನ್ನೊಂದು 4 ಮಿ.ಮೀ. ಇದ್ದರೆ ಸುತ್ತಿಗೆ 31 ಮಿ.ಮೀ. ಅಂತರ, ಕಿಲೋಮೀಟರಿಗೆ ಸುಮಾರು 14 ಮೀಟರ್. ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್‌ನ (ಎರಡು ಚಕ್ರ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆಯ) ಚಿಕ್ಕ ಗೇರ್‌ಗಳು ಪುರುಸೊತ್ತಿಲ್ಲದೆ ತಿರುಗುತ್ತಲೇ ಇರಬೇಕು. ಆದ್ದರಿಂದ ಸ್ಟೆಪ್ನಿಗೂ ಓಡುವ ಟೈರ್‌ಗಳಿಗೂ 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಐದರ ಸುತ್ತಿಗೆ ಅದನ್ನು ಸೇರಿಸಬೇಡಿ. ಫೋರ್ ವೀಲ್ ಡ್ರೈವ್ ಪಿಕಪ್ ಆದರೆ ಇನ್ನೂ ಬಿಗಿ ಲೆಕ್ಕ ಬೇಕು, ಅಲ್ಲಿ ಮುಂದೆ ಹಿಂದೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸ್ ಪೆಟ್ಟು ತಿನ್ನುತ್ತದೆ. ಐದರ ಸುತ್ತು ಶುರು ಮಾಡಲು ಸರಿಯಾದ ಕಾಲ ಐದೂ ಟೈರ್ ಹೊಸದಿದ್ದಾಗ. ಅಲ್ಲಿಂದ ಲೋಡ್ ಗಾಡಿಗೆ 8,000 ಕಿ.ಮೀ.ಗೊಮ್ಮೆ ಮಾಡುತ್ತಾ ಬಂದರೆ ಐದೂ ಒಟ್ಟಿಗೆ ಸವೆಯುತ್ತವೆ.

ಸಾಮಾನು

3 ಟನ್ ಅಥವಾ ಹೆಚ್ಚಿನ ಬಾಟಲ್ ಜಾಕಿ. ಜಾಕಿ ಕೆಳಗೆ ಇಡಲು ಒಂದಡಿ ಚೌಕದ, ಎರಡಿಂಚು ದಪ್ಪದ ಹಲಗೆ. ಕನಿಷ್ಠ ಒಂದು ಜಾಕಿ ಸ್ಟ್ಯಾಂಡ್. ಚಕ್ರಕ್ಕೆ ಅಡ್ಡ ಕೊಡಲು ಇಳಿಜಾರಾಗಿ ಕೊಯ್ದ ನಾಲ್ಕು ಮರದ ತುಂಡು. ಉರುಟು ಕಲ್ಲು ಬೇಡ, ಅದು ಟೈರಿನ ಜೊತೆ ತಾನೂ ಉರುಳುತ್ತದೆ. ನಟ್‌ಗೆ ಸಡಿಲವಿಲ್ಲದೆ ಕೂರುವ ಸಾಕೆಟ್, ಉದ್ದ ಹಿಡಿಯ ಸ್ಪ್ಯಾನರ್, ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚ್. ತಂತಿ ಬ್ರಷ್, ಚಾಕ್, 100 ಪಿಎಸ್‌ಐ ತನಕ ತೋರಿಸುವ ಗಾಳಿಯ ಗೇಜ್. ಗಾಡಿ ಖಾಲಿ ಇರಬೇಕು, ನೆಲ ಸಮ ಇರಬೇಕು. ಘಾಟಿ ಇಳಿದು ಬಂದ ಕೂಡಲೇ ಶುರು ಮಾಡಬೇಡಿ, ಬ್ರೇಕ್ ಡ್ರಮ್ ಆರಲಿ.

ಯಾವುದು ಎಲ್ಲಿಗೆ

ಹಿಂದೆ ಎಳೆಯುವ ಗಾಡಿಗೆ ಕ್ರಮ ಇದು: ಹಿಂದಿನದು ಅದೇ ಬದಿಯಲ್ಲಿ ಮುಂದಕ್ಕೆ, ಮುಂದಿನದು ಅಡ್ಡ ದಾಟಿ ಹಿಂದಕ್ಕೆ. ಅಡ್ಡ ದಾಟಿಸುವುದಕ್ಕೆ ಕಾರಣವಿದೆ. ಬದಿ ಬದಲಾದಾಗ ಟೈರ್ ತಿರುಗುವ ದಿಕ್ಕೂ ಬದಲಾಗುತ್ತದೆ, ಒಂದೇ ಕಡೆಗೆ ಸವೆದು ಓರೆಯಾದ ಬಟನ್ ಈಗ ಎದುರು ಅಂಚಿನಿಂದ ಸವೆದು ಮತ್ತೆ ಸಮವಾಗುತ್ತದೆ.

ಸ್ಟೆಪ್ನಿ ಸೇರಿದಾಗ ಸರಪಳಿ ಹೀಗೆ: ಸ್ಟೆಪ್ನಿ ಡ್ರೈವರ್ ಸೈಡ್ (ಬಲ) ಹಿಂದಕ್ಕೆ, ಅಲ್ಲಿದ್ದದ್ದು ಡ್ರೈವರ್ ಸೈಡ್ ಮುಂದಕ್ಕೆ, ಅಲ್ಲಿದ್ದದ್ದು ಕ್ಲೀನರ್ ಸೈಡ್ (ಎಡ) ಹಿಂದಕ್ಕೆ, ಅಲ್ಲಿದ್ದದ್ದು ಕ್ಲೀನರ್ ಸೈಡ್ ಮುಂದಕ್ಕೆ, ಅಲ್ಲಿಂದ ಬಂದದ್ದು ಸ್ಟೆಪ್ನಿ ಜಾಗಕ್ಕೆ. ಇದೇ ಕ್ರಮದಲ್ಲಿ ಕೆಲಸ ಮಾಡಿದರೆ ಕೈಯಲ್ಲಿ ಯಾವಾಗಲೂ ಒಂದೇ ಟೈರ್ ಇರುತ್ತದೆ, ಅದು ಮುಂದಿನ ಜಾಗಕ್ಕೇ ಹೋಗುವ ಟೈರ್. ಐದು ಸಲ ರೊಟೇಷನ್ ಆದಾಗ ಪ್ರತಿ ಟೈರ್ ಐದೂ ಜಾಗ ನೋಡಿ ಶುರುವಿನ ಜಾಗಕ್ಕೆ ಬಂದಿರುತ್ತದೆ.

ಸ್ಟೆಪ್ನಿ ಸೇರಿಸದಿದ್ದರೆ ಕೊನೆಯಲ್ಲಿ ಕ್ಲೀನರ್ ಸೈಡ್ ಮುಂದಿನದನ್ನು ಡ್ರೈವರ್ ಸೈಡ್ ಹಿಂದಕ್ಕೆ ಹಾಕಬೇಕು. ಅಲ್ಲಿ ತಾತ್ಕಾಲಿಕವಾಗಿ ಸ್ಟೆಪ್ನಿ ಕೂತಿದೆ, ಹಾಗಾಗಿ ಆ ಚಕ್ರವನ್ನು ಎರಡನೇ ಸಲ ಎತ್ತಬೇಕು. ಐದನೇ ಎತ್ತು ಇದೇ.

ಬಿಚ್ಚುವ ಮೊದಲೇ ಪ್ರತಿ ಟೈರಿನ ಮೇಲೆ ಅದು ಹೋಗಬೇಕಾದ ಜಾಗವನ್ನು ಚಾಕ್‌ನಲ್ಲಿ ಬರೆಯಿರಿ. ಈಗ ಇರುವ ಜಾಗ ಬರೆದರೆ ನಡುವೆ ತಲೆ ಕೆಡುತ್ತದೆ.

ಎತ್ತುವುದು

ಸ್ಟೆಪ್ನಿಯನ್ನು ಗಾಡಿ ನೆಲದ ಮೇಲೆ ನಿಂತಿರುವಾಗಲೇ ಇಳಿಸಿಕೊಳ್ಳಿ. ಅದರ ಬೋಲ್ಟು, ಬ್ರಾಕೆಟ್ಟು ಕೆಸರು ಹಿಡಿದು ಕಚ್ಚಿಕೊಂಡಿರುತ್ತವೆ, ಹಿಂದಿನ ಸಂಜೆಯೇ ಎಣ್ಣೆ ಬಿಟ್ಟಿದ್ದರೆ ಹಗುರ. ಗಾಡಿ ಜಾಕಿ ಮೇಲಿದ್ದಾಗ ಸ್ಟೆಪ್ನಿ ಎಳೆದಾಡಲು ಕೆಳಗೆ ನುಗ್ಗುವವರಿಗೆ ಹೇಳುವುದೇನೂ ಇಲ್ಲ.

ಹಿಂದಿನ ಚಕ್ರ ಎತ್ತುವಾಗ ಜಾಕಿಯನ್ನು ಹೌಸಿಂಗ್ ಕೊಳವೆಯ ಕೆಳಗೆ, ಕಮಾನು ಪಟ್ಟಿಯ ಯು ಬೋಲ್ಟ್‌ಗೆ ಆದಷ್ಟು ಹತ್ತಿರ ಕೊಡಿ. ಚಾಸಿಗೆ ಕೊಟ್ಟರೆ ಪಟ್ಟಿ ಜೋಲುತ್ತಾ ಹೋಗುತ್ತದೆ, ಜಾಕಿಯ ಎತ್ತರ ಮುಗಿದರೂ ಟೈರ್ ನೆಲ ಬಿಡುವುದಿಲ್ಲ. ನಡುವಿನ ಡಿಫರೆನ್ಷಿಯಲ್ ಗುಂಡಿನ ಕೆಳಗೆ ಒಂದೇ ಬಾಟಲ್ ಜಾಕಿ ಕೊಡಬೇಡಿ, ಗಾಡಿ ಎರಡು ಕಡೆಗೂ ತೂಗುತ್ತದೆ. ಮುಂದೆ ಚಾಸಿ ಮೇಲೆ ಕಂಪನಿ ಪುಸ್ತಕದಲ್ಲಿ ತೋರಿಸಿದ ಜಾಗಕ್ಕೇ ಕೊಡಿ.

ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ ಎಂಬುದನ್ನು ಮರೆಯಬಾರದು. ಹಿಂದಿನ ಒಂದು ಚಕ್ರ ಮೇಲೆದ್ದಾಗ ಗಾಡಿಯನ್ನು ತಡೆಯುವುದು ಉಳಿದ ಒಂದು ಹಿಂದಿನ ಚಕ್ರ. ಗೇರ್‌ನಲ್ಲಿ ಇಟ್ಟಿದ್ದೇನಲ್ಲ ಅನ್ನುವುದೂ ಕೆಲಸಕ್ಕೆ ಬಾರದು: ಎತ್ತಿದ ಚಕ್ರ ಗಾಳಿಯಲ್ಲಿ ತಿರುಗಿಕೊಂಡರೆ ಡಿಫರೆನ್ಷಿಯಲ್ ನೆಲದ ಮೇಲಿನ ಚಕ್ರವನ್ನು ಉರುಳಲು ಬಿಟ್ಟುಬಿಡುತ್ತದೆ. ಆದ್ದರಿಂದ ಹಿಂದೆ ಎತ್ತುವಾಗ ಮುಂದಿನ ಎರಡೂ ಚಕ್ರಕ್ಕೆ, ಮುಂದೆ ಎತ್ತುವಾಗ ಹಿಂದಿನ ಎರಡಕ್ಕೂ, ಹಿಂದೆ ಮುಂದೆ ಎರಡೂ ಬದಿಯಿಂದ ಮರದ ತುಂಡು ಕೊಡಲೇಬೇಕು.

ನಟ್ ಸಡಿಲಿಸುವುದು ಟೈರ್ ನೆಲದ ಮೇಲಿದ್ದಾಗಲೇ, ಅರ್ಧ ಸುತ್ತು ಮಾತ್ರ. ಆಮೇಲೆ ಎತ್ತು, ಸ್ಟ್ಯಾಂಡ್ ಕೊಡು, ಪೂರ್ತಿ ಬಿಚ್ಚು. ಹಳೇ ವಿಲ್ಲಿಸ್ ಜೀಪ್ ಪಕ್ಕದಲ್ಲಿ ನಿಂತಿದ್ದು ಅದಕ್ಕೂ ಕೈ ಹಾಕುವುದಾದರೆ ನೆನಪಿರಲಿ, ಅವುಗಳಲ್ಲಿ ಎಡಬದಿ ನಟ್‌ಗಳಿಗೆ ಎಡ ತಿರುಪು ಇರುತ್ತದೆ, ನಮ್ಮ ಪಿಕಪ್‌ಗೆ ಆ ಕಾಟ ಇಲ್ಲ.

ನಟ್ ಎಲ್ಲ ಬಿಚ್ಚಿದರೂ ರಿಮ್ ಬರದಿದ್ದರೆ ಹಬ್‌ಗೆ ತುಕ್ಕು ಹಿಡಿದು ಕಚ್ಚಿದೆ. ಸುತ್ತಿಗೆಯಿಂದ ರಿಮ್‌ಗೆ ಹೊಡೆಯಬೇಡಿ, ಬೆಂಕಿಯಂತೂ ಬೇಡವೇ ಬೇಡ. ನಟ್‌ಗಳನ್ನು ಮತ್ತೆ ಹಾಕಿ, ಕೂತ ಜಾಗದಿಂದ ಒಂದು ಸುತ್ತು ಸಡಿಲ ಬಿಟ್ಟು, ಗಾಡಿ ಇಳಿಸಿ ಪಕ್ಕಕ್ಕೆ ನೂಕಿ ಅಲ್ಲಾಡಿಸಿ. ಗಾಡಿಯ ತೂಕಕ್ಕೇ ಟಕ್ ಎಂದು ಬಿಡುತ್ತದೆ.

ಚಕ್ರ ಬಿಚ್ಚಿದಾಗ ನೋಡಬೇಕಾದದ್ದು

ಮುಂದಿನ ಚಕ್ರಗಳಲ್ಲಿ, ಬಿಚ್ಚುವ ಮೊದಲು, ಎತ್ತಿದ ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ: ಆಟವಿದ್ದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಕ್ಕೆ ಬಲಕ್ಕೆ ಮಾತ್ರ ಆಟವಿದ್ದರೆ ಟೈ ರಾಡ್ ಎಂಡ್. ಹಿಂದೆ ರಿಮ್‌ನ ಒಳಮುಖಕ್ಕೆ ಎಣ್ಣೆ ಸಿಡಿದಿದ್ದರೆ ಆಕ್ಸಲ್ ಆಯಿಲ್ ಸೀಲ್ ಹೋಗಿದೆ ಅಥವಾ ವೀಲ್ ಸಿಲಿಂಡರ್ ಸೋರುತ್ತಿದೆ. ಮೂಸಿ ನೋಡಿದರೆ ಗೇರ್ ಎಣ್ಣೆಯ ಕಟು ವಾಸನೆ ಬೇರೆಯಾಗಿ ಗೊತ್ತಾಗುತ್ತದೆ.

ರಿಮ್‌ನಲ್ಲಿ ನಟ್ ಕೂರುವ ತೂತುಗಳನ್ನು ನೋಡಿ. ನಟ್ ಸುತ್ತಲಿಂದ ಹೊರಕ್ಕೆ ತುಕ್ಕಿನ ಗೆರೆಗಳು ಎದ್ದಿದ್ದರೆ ಆ ಚಕ್ರ ಸಡಿಲವಾಗಿ ಓಡಿದೆ ಎಂದರ್ಥ. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ರಿಮ್ ಗುಜರಿಗೆ. ಟ್ಯೂಬ್ ಇರುವ ಟೈರ್ ಆದರೆ ವಾಲ್ವ್ ನೆಟ್ಟಗೆ ನಿಂತಿದೆಯೇ ನೋಡಿ. ವಾಲಿದ್ದರೆ ಕಡಿಮೆ ಗಾಳಿಯಲ್ಲಿ ಓಡಿ ಟೈರ್ ರಿಮ್ ಮೇಲೆ ಜಾರಿದೆ, ವಾಲ್ವ್ ಬುಡದಲ್ಲಿ ಟ್ಯೂಬ್ ಹರಿಯಲು ಸಿದ್ಧವಾಗಿದೆ.

ಕೂರಿಸುವುದು, ಬಿಗಿಯುವುದು

ಹಬ್‌ನ ಮುಖವನ್ನೂ ರಿಮ್‌ನ ಒಳಮುಖವನ್ನೂ ತಂತಿ ಬ್ರಷ್‌ನಿಂದ ಲೋಹ ಕಾಣುವಷ್ಟು ಉಜ್ಜಿ. ನಡುವೆ ಒಣ ಕೆಸರಿನ ಪದರ ಉಳಿದರೆ ನಟ್ ಬಿಗಿಯಾಗಿಯೇ ಇರುತ್ತದೆ, ಗಾಡಿ ಓಡುತ್ತಾ ಆ ಪದರ ಪುಡಿಯಾಗುತ್ತದೆ, ಬಿಗಿ ಕಳೆದುಹೋಗುತ್ತದೆ. ಬಣ್ಣದ ಕಥೆಯೂ ಇದೇ. ಆಯುಧಪೂಜೆಗೆಂದು ರಿಮ್‌ಗೆ ದಪ್ಪ ಬಣ್ಣ ಬಳಿಸಿದ್ದರೆ ನಟ್ ಕೂರುವ ಇಳಿಜಾರಿನ ಬಣ್ಣವನ್ನು ಕೆರೆದು ತೆಗೆಯಿರಿ.

ಸ್ಟಡ್ (ಹಬ್‌ನಿಂದ ಹೊರಬಂದ, ನಟ್ ಕೂರುವ ಬೋಲ್ಟ್) ಥ್ರೆಡ್‌ಗೆ ಗ್ರೀಸ್ ಹಚ್ಚುವ ಅಭ್ಯಾಸ ಬಿಡಿ. ಟಾರ್ಕ್ ಅಂಕಿ ಒಣ ಥ್ರೆಡ್‌ಗೆ ಕೊಟ್ಟದ್ದು. ಗ್ರೀಸ್ ಇದ್ದರೆ ಅದೇ ಎಳೆತಕ್ಕೆ ಸ್ಟಡ್ ಹೆಚ್ಚು ಹಿಗ್ಗುತ್ತದೆ, ಒಂದು ದಿನ ಕತ್ತರಿಸುತ್ತದೆ. ತುಕ್ಕು ಹಿಡಿಯದಿರಲೆಂದು ಹಚ್ಚುವುದಾದರೆ ಹಬ್‌ನ ನಡುವಿನ ಉಂಗುರಕ್ಕೆ ಮಾತ್ರ, ತೆಳ್ಳಗೆ.

ನಟ್‌ನ ಇಳಿಜಾರು ಮುಖ ರಿಮ್ ಕಡೆಗೆ. ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಹೋಗಬೇಕು. ಹೋಗದಿದ್ದರೆ ಥ್ರೆಡ್ ಅಡ್ಡ ಹಿಡಿದಿದೆ, ವಾಪಸ್ ತೆಗೆಯಿರಿ. ಐದು ಸ್ಟಡ್ ಇದ್ದರೆ ನಕ್ಷತ್ರದ ಕ್ರಮ, ಅಂದರೆ ಒಂದು ಬಿಟ್ಟು ಒಂದು. ಆರಿದ್ದರೆ ಎದುರು ಬದುರು. ಟೈರ್ ಮೇಲಿರುವಾಗ ಕೈಬಿಗಿ, ಟೈರ್ ನೆಲಕ್ಕೆ ತಾಗಿದ ಮೇಲೆ ಪೂರ್ತಿ ಬಿಗಿ, ಎರಡು ಸುತ್ತಿನಲ್ಲಿ.

ಎಷ್ಟು ಬಿಗಿ? ನಿಮ್ಮ ಮಾಡೆಲ್‌ನ ಪುಸ್ತಕದ ಅಂಕಿಯೇ ಕೊನೆಯ ಮಾತು. ಅಂದಾಜಿಗೆ 12 ಮಿ.ಮೀ. ಸ್ಟಡ್‌ಗೆ 100ರಿಂದ 120 ನ್ಯೂಟನ್ ಮೀಟರ್ ಎಂದು ಇಟ್ಟುಕೊಳ್ಳಿ. ಅರ್ಧ ಮೀಟರ್ ಹಿಡಿಯ ತುದಿಯಲ್ಲಿ 22 ಕೆ.ಜಿ. ಎಳೆತ ಕೊಟ್ಟರೆ 108 ನ್ಯೂಟನ್ ಮೀಟರ್ ಆಗುತ್ತದೆ. ಅದೇ ಹಿಡಿಯ ಮೇಲೆ 70 ಕೆ.ಜಿ. ಮನುಷ್ಯ ಹತ್ತಿ ನಿಂತರೆ 343. ಮೂರು ಪಟ್ಟು! ಹತ್ತಿ ಕುಣಿದರೆ ಕೇಳುವುದೇ ಬೇಡ. ಸ್ಟಡ್ ಹಿಗ್ಗುವುದು, ಡ್ರಮ್ ಸೊಟ್ಟಗಾಗುವುದು, ರಾತ್ರಿ ರಸ್ತೆಯಲ್ಲಿ ಪಂಕ್ಚರ್ ಆದಾಗ ನಟ್ ಬರದೆ ಕೂರುವುದು ಎಲ್ಲ ಇದರಿಂದಲೇ. ಏರ್ ಗನ್‌ನಲ್ಲಿ ಬಿಗಿಸಿಕೊಂಡು ಬಂದಿದ್ದರೆ ಎಲ್ಲವನ್ನೂ ಸಡಿಲಿಸಿ ಕೈಯಿಂದ ಮತ್ತೆ ಬಿಗಿಯಿರಿ.

ಗಾಳಿ ಬದಲಿಸಲು ಮರೆಯುವುದು

ಪಿಕಪ್ ರೊಟೇಷನ್‌ನಲ್ಲಿ ಹೆಚ್ಚು ಜನ ತಪ್ಪುವುದು ಇಲ್ಲೇ. ಕಾರಿನಲ್ಲಿ ಮುಂದೆ ಹಿಂದೆ ಗಾಳಿ ಒಂದೆರಡು ಪಿಎಸ್‌ಐ ವ್ಯತ್ಯಾಸ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಲೋಡ್ ಪಿಕಪ್‌ನಲ್ಲಿ ಮುಂದೆ 35, ಹಿಂದೆ 55 ಇರುವ ಗಾಡಿ ಸಾಮಾನ್ಯ. ಗಾಳಿ ಮುಟ್ಟದೆ ಟೈರ್ ಬದಲಿಸಿದರೆ 55ರದ್ದು ಮುಂದೆ ಬಂದು ಸ್ಟೀರಿಂಗ್ ಕಲ್ಲಿನಂತೆ ಕುಟ್ಟುತ್ತದೆ, ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ಕ್ಲೀನರ್ ಸೈಡ್ ಹಿಂದಕ್ಕೆ ಹೋದದ್ದು 35ರದ್ದು. ಅದರ ಮೇಲೆ ಟನ್ನುಗಟ್ಟಲೆ ಟೊಮ್ಯಾಟೊ ಕ್ರೇಟ್ ಏರಿಸಿದರೆ ಹೆದ್ದಾರಿಯಲ್ಲಿ ಟೈರ್ ಸಿಡಿಯಲು ಬೇಕಾದ್ದೆಲ್ಲ ಸಿದ್ಧ. ಸ್ಟೆಪ್ನಿಯಲ್ಲಂತೂ ಎಷ್ಟು ಗಾಳಿ ಉಳಿದಿದೆಯೋ ಅದು ಬೇರೆ.

ಟೈರ್ ತಣ್ಣಗಿದ್ದಾಗ, ಬಾಗಿಲ ಬಳಿಯ ಸ್ಟಿಕ್ಕರ್ ಅಥವಾ ಪುಸ್ತಕದ ಅಂಕಿಗೆ ಐದನ್ನೂ ಹೊಂದಿಸಿ. ಸ್ಟೆಪ್ನಿಗೆ ಯಾವಾಗಲೂ ಹಿಂದಿನ ಲೋಡ್ ಗಾಳಿ ತುಂಬಿಡಿ: ದಾರಿಯಲ್ಲಿ ಗಾಳಿ ಇಳಿಸುವುದು ಸುಲಭ, ತುಂಬುವುದು ಕಷ್ಟ. ಖಾಲಿ ಮತ್ತು ಲೋಡ್‌ಗೆ ಬೇರೆ ಬೇರೆ ಅಂಕಿ ಕೊಟ್ಟಿದ್ದರೆ ದಿನವಿಡೀ ಖಾಲಿ ಓಡುವ ದಿನ ಖಾಲಿಯ ಅಂಕಿಗೆ ಇಳಿಸಿ, ಲೋಡ್ ಹಾಕುವ ಮೊದಲು ಮರೆಯದೆ ಏರಿಸಿ.

ಓಡಿಸಿ ನೋಡಿದಾಗ

50ರಿಂದ 100 ಕಿ.ಮೀ. ಓಡಿದ ಮೇಲೆ ನಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಕೊಡಿ. ಕಾಲು ಸುತ್ತು ಹೋದರೆ ಮುಖ ಸರಿಯಾಗಿ ಉಜ್ಜಿಲ್ಲ, ಆ ಚಕ್ರ ಬಿಚ್ಚಿ ನೋಡಿ.

ಮೊದಲು ಇಲ್ಲದ ನಡುಕ 70, 80ರ ವೇಗದಲ್ಲಿ ಸ್ಟೀರಿಂಗ್‌ಗೆ ಬಂದರೆ ಗಾಬರಿ ಬೇಡ. ಹಿಂದೆ ಇದ್ದಾಗ ಸೀಟಿನಡಿ ಸಣ್ಣಗೆ ಗುಂಯ್‌ಗುಟ್ಟುತ್ತಿದ್ದ ಟೈರ್ ಈಗ ಮುಂದೆ ಬಂದಿದೆ, ಬ್ಯಾಲೆನ್ಸಿಂಗ್ ಮಾಡಿಸಿ. ಗಾಡಿ ಒಂದು ಬದಿಗೆ ಎಳೆಯುವುದನ್ನು ಪತ್ತೆ ಹಚ್ಚಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ರೊಟೇಷನ್‌ಗೆ ಮೊದಲೂ ಎಡಕ್ಕೆ ಎಳೆಯುತ್ತಿತ್ತು, ಈಗಲೂ ಅಷ್ಟೇ ಎಡಕ್ಕೆ ಎಳೆಯುತ್ತದೆ ಅಂದರೆ ಮುಂದಿನ ಎರಡೂ ಟೈರ್ ಬದಲಾಗಿರುವುದರಿಂದ ದೋಷ ಟೈರಿನದ್ದಲ್ಲ. ಅಲೈನ್‌ಮೆಂಟ್ ಅಥವಾ ಕಚ್ಚಿಕೊಂಡ ಬ್ರೇಕ್ ನೋಡಿ. ಎಳೆತ ಈಗ ಹೊಸದಾಗಿ ಶುರುವಾಗಿದ್ದರೆ ಮೊದಲು ಎರಡೂ ಕಡೆಯ ಗಾಳಿ ನೋಡಿ. ಅದು ಸರಿಯಿದ್ದರೆ ಮುಂದಿನ ಎರಡನ್ನು ಎಡ ಬಲ ಬದಲಿಸಿ. ಎಳೆತವೂ ಬದಿ ಬದಲಿಸಿದರೆ ಆ ಎರಡರಲ್ಲಿ ಒಂದು ಟೈರಿನ ಒಳಪದರ ಸೊಟ್ಟಗಿದೆ. ಅದನ್ನು ಹಿಂದಕ್ಕೆ ಕಳಿಸಿ, ಈ ಗಾಡಿಯ ಮಟ್ಟಿಗೆ ಅದು ಮತ್ತೆ ಮುಂದೆ ಬರಬಾರದು ಎಂದು ಅದರ ಪಕ್ಕಕ್ಕೆ ಬಣ್ಣದಲ್ಲಿ ಗುರುತು ಹಾಕಿ, ಕಿಲೋಮೀಟರ್ ಸಹಿತ ಗಾಡಿಯ ಪುಸ್ತಕದಲ್ಲಿ ಬರೆದಿಡಿ.